ಕೈ ಅಂದಾಜಿನ ಗ್ಯಾಸು

"ಇಪ್ಪತ್ತೆರಡು ವರ್ಷ ಆಯ್ತು ಕಣೇ, ಒಂದೇ ಒಂದು ಸಲ ನಾನು ಗ್ಯಾಸನ್ನ ತೂಕ ಹಾಕಿ ತುಂಬಿದವನಲ್ಲ! ಪೈಪು ಮುಟ್ಟಿದರೆ ಸಾಕು, ಎಷ್ಟು ಕಮ್ಮಿ ಇದೆ ಅಂತ ಅದೇ ನನಗೆ ಹೇಳುತ್ತೆ. ಅರ್ಧ ಗಂಟೆಯಲ್ಲಿ ನಿನ್ನ ಕೋಣೆಯನ್ನ ಹಿಮದ ಬೆಟ್ಟ ಮಾಡಿಕೊಡದಿದ್ರೆ ನನ್ನ ಹೆಸರು ಬದಲಾಯಿಸು!"

"ಹೆಸರು ಆಮೇಲೆ ಬದಲಾಯಿಸೋಣ. ಮೊದಲು ಆ ಏಸಿ ಜಾಲರಿ ತೊಳೀರಿ. ನನ್ನ ಮೈದಾ, ಸಕ್ಕರೆಪುಡಿ ಎಲ್ಲಾ ಎಳ್ಕೊಂಡು ಅದಕ್ಕೆ ಉಸಿರೇ ಕಟ್ಟಿದೆ."

"ಏಸಿ ರಿಪೇರಿ ಮಾಡೋನು ನಾನೋ ನೀನೋ?"

ಮಧ್ಯಾಹ್ನ ಹನ್ನೆರಡಕ್ಕೆ ಹೀಗೆ ಗುಡುಗಿದ ಈ ಮಹಾನುಭಾವರು ವೃತ್ತಿಯಲ್ಲಿ ಏಸಿ ಮೆಕ್ಯಾನಿಕ್. ಬೀದಿಯವರ ಬಾಯಲ್ಲಿ 'ತಂಪು ಡಾಕ್ಟರು'. ಊರವರ ಮನೆಗೆ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಓಡುವ ಡಾಕ್ಟರು ಸ್ವಂತ ಮನೆಯ ಏಸಿಯನ್ನು ತಲೆಯೆತ್ತಿ ನೋಡಿ ಎಂಟು ತಿಂಗಳಾಗಿತ್ತು. ಅದಿದ್ದದ್ದು ಹಿಂದಿನ ಚಿಕ್ಕ ಕೋಣೆಯಲ್ಲಿ. ಅಲ್ಲಿ ಹೆಂಡತಿ ಕೇಕು ಮಾಡುತ್ತಿದ್ದಳು. ಮೈದಾ, ಬೆಣ್ಣೆ, ಸಕ್ಕರೆ, ಕೊನೆಗೆ ಚಿಟಿಕೆ ಉಪ್ಪನ್ನೂ ಪುಟ್ಟ ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಗುವವಳು. ಡಾಕ್ಟರಿಗೆ ಅದೊಂದು ದೊಡ್ಡ ತಮಾಷೆ. "ಏನೇ, ಚಿನ್ನದ ಅಂಗಡಿ ಇಟ್ಟಿದ್ದೀಯಾ?" ಎಂದು ದಿನಕ್ಕೊಮ್ಮೆಯಾದರೂ ಕೆಣಕದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವತ್ತು ಮಾತ್ರ ತಮಾಷೆಯ ದಿನವಾಗಿರಲಿಲ್ಲ. ಮೂರು ವರ್ಷ ಅಕ್ಕಪಕ್ಕದವರ ಹುಟ್ಟುಹಬ್ಬಕ್ಕೆ ಅರ್ಧ ಕೆಜಿ, ಒಂದು ಕೆಜಿ ಅಂತ ಮಾಡುತ್ತಾ ಬಂದವಳಿಗೆ ಮೊದಲ ಸಲ ದೊಡ್ಡ ಆರ್ಡರ್ ಸಿಕ್ಕಿತ್ತು. ಶಾಲೆಯೊಂದರ ಐವತ್ತನೇ ವರ್ಷದ ಸಮಾರಂಭ. ಮೂರು ಅಂತಸ್ತಿನ ಕೇಕು, ಏಳು ಕೆಜಿ! ಸಂಜೆ ಐದಕ್ಕೆ ಮುಖ್ಯೋಪಾಧ್ಯಾಯಿನಿ ತಾವೇ ಬಂದು ಒಯ್ಯುವವರಿದ್ದರು. ಅವರಿಗೆ ಹಿಡಿಸಿದರೆ ವರ್ಷವಿಡೀ ಶಾಲೆಯ ಕೇಕುಗಳೆಲ್ಲ ಇವಳದೇ. ಕೇಕು ಎದ್ದು ನಿಂತಿತ್ತು. ಅದರ ಮೇಲಿನ ಕ್ರೀಮು ಕರಗದಿರಲು ಕೋಣೆ ತಣ್ಣಗಿರಬೇಕಿತ್ತು. ಏಸಿ ಬೆಳಿಗ್ಗೆಯಿಂದ ಮುದುಕರು ನಿಟ್ಟುಸಿರು ಬಿಟ್ಟಂತೆ ಗಾಳಿ ಬಿಡುತ್ತಿತ್ತು.

ಡಾಕ್ಟರು ಹೊರಗೆ ಹೋಗಿ ಪೈಪಿನ ನಾಡಿ ಹಿಡಿದರು. ಅದರ ಮೇಲೆ ಬೆಳ್ಳಗೆ ಐಸು ಕಟ್ಟಿತ್ತು.

"ನೋಡು! ಗ್ಯಾಸು ಕಮ್ಮಿಯಾಗಿದೆ!"

ಜಾಲರಿ ಕಟ್ಟಿಕೊಂಡು ಗಾಳಿ ಓಡಾಡದಿದ್ದರೂ ಐಸು ಹೀಗೆಯೇ ಕಟ್ಟುತ್ತದೆ. ಇದು ಡಾಕ್ಟರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ನಾಲ್ಕು ಮನೆಯಲ್ಲಿ ಅವರೇ ಇದನ್ನು ಪಾಠ ಮಾಡುತ್ತಿದ್ದರು. ಆದರೆ ಇಲ್ಲಿ ಅದನ್ನು ಹೆಂಡತಿ ಮೊದಲು ಹೇಳಿಬಿಟ್ಟಿದ್ದಳಲ್ಲ! ಅವಳು ಹೇಳಿದ ಮೇಲೆ ಅದು ಸರಿಯಾಗಿರಲು ಹೇಗೆ ಸಾಧ್ಯ?

ಸಿಲಿಂಡರ್ ಬಂತು, ಪೈಪು ಸಿಕ್ಕಿಸಿದ್ದಾಯಿತು, ಗ್ಯಾಸು ಸುಯ್ಯೆಂದು ಒಳಗೆ ಹೋಯಿತು. ಐಸು ಕರಗಿತು. ಡಾಕ್ಟರು ಮೀಸೆ ತಿರುವಿದರು.

"ರೀ, ಗಾಳಿ ಬೆಚ್ಚಗಾಯ್ತಲ್ರೀ!"

"ಇನ್ನೊಂಚೂರು ಬೇಕು, ಅಷ್ಟೇ."

ಇನ್ನೊಂಚೂರು ಹೋಯಿತು. ಗಾಳಿ ಇನ್ನೂ ಬೆಚ್ಚಗಾಯಿತು. ಮತ್ತೊಂಚೂರು ಹೋಯಿತು. ಮೂರು ಗಂಟೆಗೆ ಹೊರಗಿನ ಯಂತ್ರ ಗುರ್‍ರೆಂದು ಹೊಟ್ಟೆನೋವು ಬಂದವರಂತೆ ನರಳಿ, ಟಕ್ಕೆಂದು ನಿಂತೇಹೋಯಿತು. ಮತ್ತೆ ಹಾಕಿದರೆ ಮತ್ತೆ ಟಕ್!

"ಜಾಸ್ತಿ ಆಯ್ತೇನ್ರೀ?"

"ಹೂಂ... ಸ್ವಲ್ಪ ತೆಗೀಬೇಕು."

"ಎಷ್ಟು ತೆಗೀಬೇಕು?"

ಎಷ್ಟು ಹಾಕಿದ್ದೆ ಎಂದು ಗೊತ್ತಿದ್ದರಲ್ಲವೇ, ಎಷ್ಟು ತೆಗೆಯಬೇಕೆಂದು ಗೊತ್ತಾಗುವುದು! ಡಾಕ್ಟರು ಮತ್ತೆ ಪೈಪು ಮುಟ್ಟಿದರು. ಈ ಸಲ ಪೈಪು ಏನೂ ಹೇಳಲಿಲ್ಲ.

ಒಳಗಿನಿಂದ ಚೀರಿದ್ದು ಕೇಳಿ ಓಡಿ ಬಂದರೆ, ಕೇಕಿನ ಮೇಲಂತಸ್ತು ವಾಲಿದೆ. ಹೆಂಡತಿ ಎರಡೂ ಕೈಯಿಂದ ಅದನ್ನು ಆತು ಹಿಡಿದಿದ್ದಾಳೆ. ಕ್ರೀಮು ಅವಳ ಮೊಣಕೈವರೆಗೆ ಇಳಿಯುತ್ತಿದೆ.

"ನಾನು ಕೈ ಬಿಟ್ರೆ ಬೀಳುತ್ತೆ. ಬೇಗ ತಕ್ಕಡಿ ಮೇಷ್ಟ್ರಿಗೆ ಫೋನ್ ಮಾಡಿ!"

"ಆ ತರಕಾರಿ ತೂಗೋನಿಗಾ? ನಾನಾ?"

"ನೀವೇ!"

ತಕ್ಕಡಿ ಮೇಷ್ಟ್ರು ಎಂದರೆ ಡಾಕ್ಟರ ಕಂಪನಿಯಲ್ಲೇ ಕೆಲಸ ಮಾಡುವ ಇನ್ನೊಬ್ಬ ಮೆಕ್ಯಾನಿಕ್. ಹೋದಲ್ಲೆಲ್ಲ ತಕ್ಕಡಿ ಹೊತ್ತು, ಗ್ಯಾಸನ್ನು ತೂಗಿಯೇ ತುಂಬುವವನು. ಆ ಅಡ್ಡಹೆಸರು ಇಟ್ಟು ಇಡೀ ಕಂಪನಿಯನ್ನು ನಗಿಸಿದ್ದು ಇದೇ ಡಾಕ್ಟರು! ಈಗ ತಾವೇ ನಂಬರ್ ಒತ್ತಿ, ಫೋನನ್ನು ಹೆಂಡತಿಯ ಕಿವಿಗೆ ಹಿಡಿದು, ಅವಳು "ಅಣ್ಣಾ, ನಮ್ಮನೆಯವರು ಏಸಿ ಕೆಡಿಸಿಬಿಟ್ರು" ಎನ್ನುವುದನ್ನು ನಿಂತು ಕೇಳಬೇಕಾಯಿತು.

ಮೇಷ್ಟ್ರು ನಾಲ್ಕಕ್ಕೆ ಬಂದ. ನಗಲಿಲ್ಲ. ನಕ್ಕಿದ್ದರೆ ಡಾಕ್ಟರಿಗೆ ಜಗಳವಾಡಲಾದರೂ ಒಂದು ನೆಪ ಸಿಗುತ್ತಿತ್ತು. ಮೊದಲು ಜಾಲರಿ ಬಿಚ್ಚಿ ನಲ್ಲಿಯ ಕೆಳಗೆ ಹಿಡಿದ. ನೀರು ಹಾಲಿನಂತೆ ಬೆಳ್ಳಗೆ ಹರಿಯಿತು. ಆಮೇಲೆ ಖಾಲಿ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಯಂತ್ರದೊಳಗಿನ ಗ್ಯಾಸನ್ನೆಲ್ಲ ಅದಕ್ಕೆ ಎಳೆದ.

"ಈ ಯಂತ್ರದ ಮೇಲೆ ಬರೆದಿರೋದು ಒಂಬೈನೂರು ಗ್ರಾಂ. ಹೊರಗೆ ಬಂದಿರೋದು ಸಾವಿರದ ಮುನ್ನೂರ ಎಂಬತ್ತು."

"ಮೊದಲು ಎಷ್ಟು ಕಮ್ಮಿ ಇತ್ತು ಅಣ್ಣಾ?" ಹೆಂಡತಿ ಕೇಕು ಹಿಡಿದುಕೊಂಡೇ ಒಳಗಿಂದ ಕೂಗಿದಳು.

"ಎಲ್ಲೂ ಲೀಕ್ ಕಾಣ್ತಿಲ್ಲಮ್ಮ. ಕಮ್ಮಿ ಇರಲಿಲ್ಲ ಅನ್ಸುತ್ತೆ. ಜಾಲರಿ ತೊಳೆದಿದ್ರೆ ಸಾಕಿತ್ತು."

ಡಾಕ್ಟರು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತರು. ಭೂಮಿ ಬಾಯಿಬಿಟ್ಟಿದ್ದರೆ ಹಾಗೇ ಇಳಿದುಹೋಗುತ್ತಿದ್ದರು.

ಮೇಷ್ಟ್ರು ಸರಿಯಾಗಿ ಒಂಬೈನೂರು ಗ್ರಾಂ ತೂಗಿ ತುಂಬಿ, ಸ್ವಿಚ್ಚು ಹಾಕಿದಾಗ ಗಂಟೆ ಐದು. ಕೋಣೆಯೊಳಗೆ ಚಳಿಚಳಿಯ ಗಾಳಿ ಬಂತು. ಬಾಗಿಲಿಗೆ ಮುಖ್ಯೋಪಾಧ್ಯಾಯಿನಿಯೂ ಬಂದರು. ಎರಡು ಗಂಟೆ ಹೊತ್ತು ಕೇಕು ಹಿಡಿದಿದ್ದ ಹೆಂಡತಿಯ ಕೈಗಳು ಸೋತುಹೋದದ್ದೂ ಆಗಲೇ. ಅವರ ಕಣ್ಣೆದುರೇ ಮೇಲಂತಸ್ತು ಜಾರಿ, ಮಿಕ್ಕೆರಡನ್ನೂ ಎಳೆದುಕೊಂಡು ಮೇಜಿನ ಮೇಲೆ ಕುಸಿಯಿತು.

"ಅಯ್ಯೋ ಪಾಪ! ಹೋಗ್ಲಿ ಬಿಡಮ್ಮ," ಎಂದರು ಆಕೆ. ಒಳ್ಳೆಯವರು, ಬೈಯಲಿಲ್ಲ. ಅಲ್ಲೇ ನಿಂತು ದೊಡ್ಡ ಬೇಕರಿಯೊಂದಕ್ಕೆ ಫೋನ್ ಮಾಡಿದರು. ಹೋಗುವಾಗ, "ಮುಂದೆ ಯಾವಾಗಲಾದ್ರೂ ನೋಡೋಣ" ಎಂದರು. ಆ 'ಯಾವಾಗಲಾದರೂ' ಬರುವುದಿಲ್ಲವೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಇನ್ನೊಂದು ಆರ್ಡರ್ ಬರುತ್ತೆ ಬಿಡೇ," ಎಂದರು ಡಾಕ್ಟರು ಮೆಲ್ಲಗೆ.

"ಇದು ಬರೋದಕ್ಕೇ ಮೂರು ವರ್ಷ ಆಯ್ತು."

ಅವಳು ಮೊಣಕೈ ತೊಳೆದುಕೊಂಡು ಬಂದು, ಕುಸಿದ ಕೇಕನ್ನೆಲ್ಲ ಡಬ್ಬಿಗಳಿಗೆ ತುಂಬಿ ಅದೇ ಕೋಣೆಯಲ್ಲಿಟ್ಟಳು. "ಈಗ ಚೆನ್ನಾಗಿ ತಣ್ಣಗಿದೆ. ಸದ್ಯಕ್ಕೆ ಕೆಡಲ್ಲ," ಎಂದಳು.

ಮರುದಿನದಿಂದ ಡಾಕ್ಟರಿಗೆ ತಿಂಡಿ ಕೇಕು, ಊಟ ಕೇಕು. ಹೊತ್ತಿಗೆ ನಾನೂರು ಗ್ರಾಂ, ತೂಗಿ ಕೊಟ್ಟದ್ದು. ಮೂರನೇ ದಿನಕ್ಕೆ ಡಾಕ್ಟರ ಗಂಟಲಲ್ಲಿ ಇಳಿಯದಾಯಿತು. ತಟ್ಟೆ ದೂಡಿ ಕೈ ಮುಗಿದರು.

"ತಪ್ಪಾಯ್ತು ಕಣೇ! ಹೊಟ್ಟೆ ತುಂಬಿ ಬಿರೀತಾ ಇದೆ. ಬೇಕಾದ್ರೆ ನೀನೇ ಮುಟ್ಟಿ ನೋಡು!"

ಹೆಂಡತಿ ಮುಟ್ಟಲಿಲ್ಲ. ತಟ್ಟೆಯನ್ನೆತ್ತಿ ತಕ್ಕಡಿಯ ಮೇಲಿಟ್ಟಳು.

"ಮುಟ್ಟಿ ನೋಡಿದ್ರೆ ನನಗೆ ಗೊತ್ತಾಗಲ್ಲ ರೀ. ಇನ್ನೂ ನೂರ ಹತ್ತು ಗ್ರಾಂ ಇದೆ. ತಿನ್ನಿ."