ಮೇಡ್ಲೇರಿಗೆ ಬಂದ ಕಡಲ ಕಾಯ್ದೆ

ಈ ಕಥೆಯ ಕಡೆಯ ಭಾಗವನ್ನು ನನಗೆ ಮೊದಲು ಹೇಳಿದವರು ಮೇಡ್ಲೇರಿಯ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಫೋನಿನಲ್ಲಿ ಅವರು ಹೇಳಿದ್ದನ್ನು ಪೂರ್ತಿ ನಂಬಲಾಗದೆ, ಆಮೇಲೆ ನಾನೇ ಊರಿಗೆ ಹೋಗಿ ಎಮ್ಮೆಯೊಂದನ್ನು ಬಿಟ್ಟು ಉಳಿದ ಎಲ್ಲರನ್ನೂ ವಿಚಾರಿಸಿದೆ. ಎಲ್ಲರದೂ ಒಂದೇ ಮಾತು. ನಮ್ಮ ಕಡೆ ಇಂಥವು ಆಗುತ್ತಲೇ ಇರುತ್ತವೆ. ಒಂದು ವಿಷಯ ಗೊತ್ತಿಲ್ಲ ಅನ್ನುವ ಸಣ್ಣ ಕಾರಣಕ್ಕೆ ನಮ್ಮ ಮಂದಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನಂತೂ ಕಂಡಿಲ್ಲ.

ಈ ಸಲದ ವಿಷಯ ಸಮುದ್ರ. ಅಣ್ಣನ ಮಗಳು, ನನ್ನ ಸೊಸಿ, ನೌಕಾಪಡೆಗೆ ಸೇರುತ್ತೇನೆಂದು ಹಟ ಹಿಡಿದಳು. ಅಣ್ಣ ಹೂಂ ಅಂದ. ವೈನಿ ಒಂದಿಷ್ಟು ಅತ್ತು ಹೂಂ ಅಂದರು. ಆದರೆ ನಮ್ಮ ಮನೆಯಲ್ಲಿ ಅವ್ವ ಹೂಂ ಅನ್ನದೆ ಕುಕ್ಕರ್ ಸಹ ಸೀಟಿ ಹೊಡೆಯುವುದಿಲ್ಲ. ಅವ್ವ ಹೊಸರಿತ್ತಿಯಲ್ಲಿ ಬೆಳೆದಾಕಿ. ಅವಳಪ್ಪ ದಿನಾ ಚರಕದ ಮುಂದೆ ಕೂತು ನೂಲು ತೆಗೆದ ಮೇಲೆಯೇ ಊಟಕ್ಕೇಳುತ್ತಿದ್ದವರು.

"ಹಡಗ ಹತ್ತಲಿ, ಬ್ಯಾಡ ಅನ್ನೂದಿಲ್ಲ," ಅಂದಳು ಅವ್ವ. "ಆದ್ರ ಅಲ್ಲಿ ಬಂದೂಕ ಹಿಡೀಬೇಕಲ್ಲ? ಯಾರನ್ನ ಹೊಡೀಬೇಕು, ಯಾರನ್ನ ಹೊಡೀಬಾರದು, ಯಾರು ಹೇಳ್ತಾರ? ಅದು ತಿಳಿಯೂಮಟ ನಾ ಹೂಂ ಅನ್ನೂದಿಲ್ಲ."

"ಆಯಿ ಹೂಂ ಅನ್ನದ ನಾನೂ ಹಡಗ ಹತ್ತೂದಿಲ್ಲ," ಅಂದಳು ಮೊಮ್ಮಗಳು. ಇಬ್ಬರೂ ಒಂದೇ ರಕ್ತ. ಹಟದಲ್ಲಿ ಯಾರು ಯಾರಿಗೆ ಕಡಿಮೆ?

೧. ಬಾವಿ ದಂಡೆಯ ಪಂಡಿತರು

ಸಮುದ್ರಕ್ಕೆ ಹೋಗುವಾಕೆಗೆ ಈಸು ಬರುತ್ತಿರಲಿಲ್ಲ. ಮಗ್ಗುಲಲ್ಲೇ ತುಂಗಭದ್ರೆ ಹರಿದರೂ ಹೆಣ್ಣುಮಕ್ಕಳನ್ನು ಹೊಳೆಗಿಳಿಸುವ ರೂಢಿ ನಮ್ಮಲ್ಲಿಲ್ಲ. ಅಣ್ಣ ಅವಳ ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿ ಹೊಲದ ಬಾವಿಗೆ ಇಳಿಸಿದ. ಸುದ್ದಿ ಹಬ್ಬಿದ್ದೇ ತಡ, ಸುತ್ತಲ ಹೊಲದ ಗಂಡಸರೆಲ್ಲ ಬಾವಿಯ ದಂಡೆಗೆ ಬಂದು ಕೂತರು.

"ಕೈ ಬಡಿಯವಾ, ಕೈ!"

"ಕೈಯಲ್ಲ, ಕಾಲ ಬಡಿ!"

"ಉಸರ ಹಿಡಿ!"

"ಹಿಡೀಬ್ಯಾಡ, ಬಿಡು ಬಿಡು!"

ಎಲ್ಲರ ಮಾತನ್ನೂ ಕೇಳಿದ ಹುಡುಗಿ ಅರ್ಧ ಬಾವಿಯ ನೀರು ಕುಡಿದಳು. ಕಡೆಗೆ ಮೆಟ್ಟಿಲು ಹಿಡಿದು ನಿಂತು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹಿರಿಯರಿಗೆ, "ಕಾಕಾ, ನೀವ ಒಮ್ಮೆ ಇಳದು ತೋರಸ್ರಿ," ಅಂದಳು.

"ನನಗ ಈಸ ಬರೂದಿಲ್ಲವಾ," ಅಂದರು ಅವರು ನಿರಾಳವಾಗಿ. "ಆದ್ರ ಇಷ್ಟ ವರ್ಷ ಮುಳುಗಿಲ್ಲಲ್ಲ? ಆ ಅನುಭವದ ಮ್ಯಾಲ ಹೇಳಾಕತ್ತೇನಿ."

೨. ಹಡಗಿನ ತುದಿ

ಹಾವೇರಿಯಲ್ಲಿ ಸೈನ್ಯಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಓಟ, ಕಸರತ್ತು ಕಲಿಸುವ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಅವರ ನೌಕರಿಯ ಬಹುಭಾಗ ಕಳೆದದ್ದು ಮರಳುಗಾಡಿನ ಗಡಿಯಲ್ಲಿ. ನೀರು ಅಂದರೆ ಅವರಿಗೆ ಬಾಟಲಿಯಲ್ಲಿರುವ ವಸ್ತು. ಭೂಸೇನೆ, ನೌಕಾಪಡೆ, ಪೊಲೀಸು, ಅರಣ್ಯ ಇಲಾಖೆ, ನೀವು ಎಲ್ಲಿಗೆ ಹೋಗುವವರಾದರೂ ಅವರ ಮದ್ದು ಒಂದೇ: "ಓಡು!"

ನಮ್ಮ ಹುಡುಗಿಗೆ ಸುಮ್ಮನಿರಲಿಕ್ಕಾಗಲಿಲ್ಲ. "ಸರ್, ಹಡಗಿನ್ಯಾಗ ಎಲ್ಲಿ ಓಡೂದ್ರಿ?"

ಸುಬೇದಾರರು ಸೀಟಿಯನ್ನು ಬಾಯಿಂದ ತೆಗೆದು ಯೋಚಿಸಿದರು. "ಹಡಗ ಉದ್ದ ಇರ್ತೈತಿಲ್ಲ? ಈ ತುದಿಯಿಂದ ಆ ತುದಿಗೆ ಓಡು."

"ತುದಿ ಮುಟ್ಟಿದ ಮ್ಯಾಲರಿ?"

"ಅಬೌಟ್ ಟರ್ನ್! ಅದನ್ನ ಮರತಾಗ ಅಷ್ಟ ಈಸು ಬೇಕಾಕ್ಕೈತಿ."

೩. ಪಾಪವಿಲ್ಲದ ಮದ್ದುಗುಂಡು

ನನ್ನ ಗಂಡನ ಅಣ್ಣ ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ. ಅವರ ಮನೆಗೆ ಹೋದರೆ ಮೊದಲು ನಾವು ಸೀನುತ್ತೇವೆ, ಆಮೇಲೆ ಅವರು 'ಬರ್ರಿ' ಅನ್ನುತ್ತಾರೆ. ಒಂದು ಭಾನುವಾರ ನಾವೆಲ್ಲ ಅಲ್ಲಿ ಊಟಕ್ಕೆ ಕೂತಾಗ ಅವ್ವ ತನ್ನ ಚಿಂತೆ ತೆಗೆದಳು. ಭಾವನವರು ರೊಟ್ಟಿ ಮುರಿಯುತ್ತ, "ಗುಂಡ ಯಾಕ ಬೇಕ್ರಿ? ಕಡಲಗಳ್ಳರು ಬಂದ್ರಂದ್ರ ಗಾಳಿ ನೋಡಿ ಒಂದ ಚೀಲ ಖಾರಪುಡಿ ತೂರಿದ್ರಾತು. ರಕ್ತ ಇಲ್ಲ, ಪಾಪ ಇಲ್ಲ," ಅಂದರು.

ಅವ್ವನ ಮುಖ ಅರಳಿತು. ಆದರೆ ಹುಡುಗಿ ಬಿಡಬೇಕಲ್ಲ! "ಮಾವಾರ, ನಮ್ಮ ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅಲ್ಲೇನ್ರಿ?"

ಭಾವನವರ ಕೈ ರೊಟ್ಟಿಯ ಮೇಲೇ ನಿಂತಿತು. ಇಲ್ಲ ಅಂದರೆ ಬ್ಯಾಡಗಿಯ ಮರ್ಯಾದೆ ಹೋಗುತ್ತದೆ, ಹೌದಂದರೆ ದೇಶದ ರಕ್ಷಣೆ ಹೋಗುತ್ತದೆ. ಕಡೆಗೆ ರೊಟ್ಟಿ ಮುರಿದು, "ಕಣ್ಣ ಉರೀಲಿಕ್ಕಿಲ್ಲ, ಖರೇ," ಅಂದರು. "ಆದ್ರ ಆ ಬಣ್ಣ ಲಗೂ ಹೋಗೂದಿಲ್ಲ ನೋಡವಾ. ಕಳ್ಳ ಯಾವ ದೇಶಕ್ಕ ಹೋಗಿ ಅಡಗಿದ್ರೂ ಕೆಂಪ ಮಾರಿ ನೋಡಿ ಹಿಡೀತಾರ."

"ಇದು ಚಲೋ ಐತಿ," ಅಂದಳು ಅವ್ವ. "ಉಳದದ್ದು ಸಾರಿಗೂ ಬರ್ತೈತಿ."

೪. ಚಹಾದ ಗಡಿ

ಅಷ್ಟರಲ್ಲಿ ಹುಡುಗಿ ಪರೀಕ್ಷೆ, ಓಟ, ಡಾಕ್ಟರರ ತಪಾಸಣೆ ಎಲ್ಲ ದಾಟಿ ಆಯ್ಕೆಯಾದಳು. ತರಬೇತಿಗೆ ಹೊರಡುವ ದಿನ ಹತ್ತಿರ ಬಂತು. ಅವ್ವನ ಹೂಂ ಮಾತ್ರ ಇನ್ನೂ ಅವಳ ಬಾಯಲ್ಲೇ ಇತ್ತು. ಅವಳ ಪ್ರಶ್ನೆ ಸುತ್ತಿ ಸುತ್ತಿ ನನ್ನ ತಲೆಗೆ ಬಂದು ಕೂತಿತು. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಗ್ರಾಮ ಪಂಚಾಯಿತಿಯಿಂದ ಸಂಸತ್ತಿನವರೆಗೆ ಏನು ಕೇಳಿದರೂ ಹೇಳಿಯೇನು. ಆದರೆ ಅದೆಲ್ಲ ಒಣ ನೆಲದ ಕಾಯ್ದೆ. ನೀರಿನ ಮೇಲೆ ಗಡಿಯನ್ನು ಹೇಗೆ ಎಳೆಯುತ್ತಾರೆ ಎಂದು ನನಗೂ ಕುತೂಹಲ ಹುಟ್ಟಿತು.

ಸ್ಟಾಫ್ ರೂಮಿನಲ್ಲಿ ಭೂಗೋಳದ ಸರ್ ಚಹಾ ಕುಡಿಯುತ್ತಿದ್ದರು. ಕೇಳಿದೆ. ಅವರು ಬೆರಳನ್ನು ಚಹಾದಲ್ಲಿ ಅದ್ದಿ ಟೇಬಲ್ಲಿನ ಮೇಲೆ ಒಂದರಾಚೆ ಒಂದು ಗೆರೆ ಎಳೆದರು. "ಇದು ದಂಡಿ. ಇಲ್ಲೀತನಕ ನೀರು ನಮ್ಮದು. ಇದರಾಚೆ ಈ ಪಟ್ಟಿಯೊಳಗ ಮೀನು ನಮ್ಮದು, ದಾರಿ ಎಲ್ಲಾರದು. ಅದರಾಚಿಂದು ಯಾರದೂ ಅಲ್ಲ, ಎಲ್ಲಾರದು."

ಬರೆದುಕೊಳ್ಳೋಣವೆಂದು ಚೀಲದಿಂದ ಪೆನ್ನು ತೆಗೆದು ತಿರುಗುವಷ್ಟರಲ್ಲಿ ಫ್ಯಾನಿನ ಗಾಳಿಗೆ ಟೇಬಲ್ಲು ಒಣಗಿತ್ತು.

"ಸರ್, ಗಡಿ ಎಲ್ಲಿ ಹೋತ್ರಿ?"

"ಖರೇ ಸಮುದ್ರದಾಗೂ ಹಿಂಗ ರೀ ಮೇಡಂ. ಇರ್ತೈತಿ, ಕಾಣೂದಿಲ್ಲ. ಇನ್ನೊಂದ ಚಾ ಹೇಳ್ರಿ, ಮತ್ತ ತೆಗೀತೇನಿ."

೫. ಬಾಂದುಕಲ್ಲಿಲ್ಲದ ಹೊಲ

ಮೂರು ಕಪ್ ಚಹಾದಷ್ಟು ಕಾಯ್ದೆಯನ್ನೂ, ಮತ್ತೊಂದಿಷ್ಟು ಓದಿಕೊಂಡದ್ದನ್ನೂ ಹೊತ್ತು ಮೇಡ್ಲೇರಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕೂತಿದ್ದಳು.

"ದಂಡಿ ಹತ್ತಿರದ ನೀರು ನಮ್ಮ ಹೊಲ ಇದ್ದಂಗ, ಅವ್ವಾ."

"ಬಾಂದುಕಲ್ಲ ಎಲ್ಲಿ ಹುಗದಾರ?"

"ನೀರಾಗ ಕಲ್ಲ ಹೆಂಗ ನಿಂದರತೈತಿ? ಲೆಕ್ಕದ ಮ್ಯಾಲ ಗಡಿ."

"ಕಲ್ಲ ಹುಗದ ಹೊಲಾನ ಮಂದಿ ಒತ್ತತಾರ. ಲೆಕ್ಕಕ್ಕ ಯಾರ ಅಂಜತಾರ?"

"ಅದಕ್ಕ ನಿನ್ನ ಮೊಮ್ಮಗಳು ಬೇಕಾಗ್ಯಾಳ."

ಅವ್ವ ಕಟ್ಟೆಯ ಮೇಲೆ ನನ್ನ ಕಡೆಗೆ ಸರಿದು ಕೂತಳು. "ಮತ್ತ ಆಚೆ ದೂರದ ಸಮುದ್ರ?"

"ಊರ ದನ ಮೇಯೂ ಗಾಯರಾಣ ಇದ್ದಂಗ. ಎಲ್ಲಾರೂ ಬರಬಹುದು, ಹೋಗಬಹುದು. ದರೋಡೆ ಮಾಡವ್ರು ಬಂದ್ರ ಮಾತ್ರ ಯಾವ ದೇಶದವ್ರು ಬೇಕಾದ್ರೂ ಹಿಡೀಬಹುದು."

"ಅದು ಸರಿ ಐತಿ. ನಮ್ಮ ಹೊಲದಾಗ ಹೊಕ್ಕು ತಪ್ಪ ಮಾಡಿದವ್ರಿಗೆ?"

ಯುದ್ಧದ ಮಾತು ಬೇರೆ ಎಂದು ಮೊದಲೇ ಹೇಳಿ, ಉಳಿದದ್ದನ್ನು ಒಂದೊಂದಾಗಿ ಹೇಳಿದೆ. ಅವ್ವ ಬೆರಳು ಮಡಚುತ್ತ ತನ್ನ ಭಾಷೆಗೆ ಇಳಿಸಿಕೊಂಡಳು: "ಮೊದಲ ಬಾವುಟ ನೋಡಿ ಯಾರದಂತ ತಿಳಕೊಳ್ಳೂದು. ಆಮ್ಯಾಲ ನಿಂದರಂತ ಕೂಗೂದು. ಕೇಳದಿದ್ರ ಮೈಗೆ ಬಡೀದಂಗ ಮುಂದ ಒಂದ ಮಣ್ಣಿನ ಹೆಂಟಿ ಒಗಿಯೂದು. ಓಡಿದ್ರ ಬೆನ್ನ ಹತ್ತೂದು, ನಡುವ ಎಲ್ಲೂ ನಿಂದರಬಾರದು. ಅವ್ರು ತಮ್ಮ ಸೀಮಿ ಹೊಕ್ಕರ ಹೊಳ್ಳಿ ಬರೂದು. ಮೈಗೆ ಹೊಡಿಯೂದು ಕಟ್ಟಕಡೀಕ, ಬ್ಯಾರೆ ದಾರೀನ ಇಲ್ಲದಾಗ. ಹೌದಿಲ್ಲೊ?"

"ಹೂಂ."

"ನೀ ಹೂಂ ಅನಬ್ಯಾಡ. ಹೂಂ ನಂದೈತಿ. ಹೇಳಾಕೇನ, ಚಲೋ ಐತಿ. ಸಿಟ್ಟ ನೆತ್ತಿಗೇರಿದಾಗ ಇಷ್ಟೆಲ್ಲಾ ನೆನಪಿರ್ತೈತೇನು? ಮೊದಲ ನಾ ಮಾಡಿ ನೋಡ್ತೇನಿ. ನನ್ನ ಕೈಲೆ ಆತಂದ್ರ ಈಕಿ ಕೈಲೂ ಆಕ್ಕೈತಿ."

"ಸಮುದ್ರ ಎಲ್ಲಿಂದ ತರ್ತಿ?"

"ಸಮುದ್ರ ಯಾಕ ಬೇಕ? ಬಾಜೂ ಮನಿಯವ್ರ ಎಮ್ಮಿ ಐತೆಲ್ಲ."

೬. ಕಡಲಗಳ್ಳಿ

ಬಾಜೂ ಮನೆಯವರ ಕರಿ ಎಮ್ಮೆಗೂ ನಮ್ಮವ್ವನಿಗೂ ಹಳೆಯ ಹಗೆ. ಹಗ್ಗ ಹರಿದುಕೊಂಡು ಅದು ನೇರ ಬರುವುದು ನಮ್ಮ ಮನೆಯ ಹಿಂದಿನ ಗೋವಿನಜೋಳದ ಹೊಲಕ್ಕೆ. ಚರಕದ ಮುಂದೆ ಬೆಳೆದ ಅವ್ವನ ಅಹಿಂಸೆ ಆ ಹೊಲದ ಬದುವಿನ ತನಕ ಮಾತ್ರ. ಅಲ್ಲಿಂದ ಮುಂದೆ ಬಡಿಗೆ.

ನಾನು ರಾಣೆಬೆನ್ನೂರಿಗೆ ಮರಳಿದ ಕೆಲ ದಿನಗಳಲ್ಲೇ, ಒಂದು ಬೆಳಿಗ್ಗೆ ಜೋಳ ಅಲ್ಲಾಡಿತು. ಎತ್ತರದ ಬೆಳೆಯ ನಡುವೆ ಮಿರಿಮಿರಿ ಮಿಂಚುವ ಕರಿ ಬೆನ್ನೊಂದು ಕಂಡಿತು. ಅವ್ವ ಬಡಿಗೆ ಹಿಡಿದು ಎದ್ದಳು. ಮೊಮ್ಮಗಳು ಹಿಂದೆಯೇ ಹೊರಟಳು. ತನ್ನ ಹಣೆಬರಹ ಈಗ ಜೋಳದ ಹೊಲದಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಅವ್ವ ಬದುವಿನ ಮೇಲೆ ನಿಂತು ಕೂಗಿದಳು: "ಏ! ಇದು ನಮ್ಮ ಸೀಮಿ! ಹೊರಗ ನಡಿ!" ಎಮ್ಮೆ ಮೇಯುತ್ತಲೇ ಇತ್ತು. ಅವ್ವ ಮಣ್ಣಿನ ಹೆಂಟೆ ತೆಗೆದುಕೊಂಡು, ಗುರಿ ಹಿಡಿದು, ಅದರ ಮೂತಿಯ ಮುಂದೆ ಒಗೆದಳು. ಬೆದರಿದ ಎಮ್ಮೆ ಓಡಿತು. ಅವ್ವ ಬೆನ್ನು ಹತ್ತಿದಳು. ಚಪ್ಪಲಿ ಕಳಚಿದರೂ ನಿಲ್ಲಲಿಲ್ಲ. "ಅತ್ತೀರ, ಸಾವಕಾಶ!" ಎಂದು ವೈನಿ ಹಿಂದೆ ಓಡಿದರು. ಎಮ್ಮೆ ಬಾಜೂ ಮನೆಯ ಅಂಗಳಕ್ಕೆ ನುಗ್ಗಿತು. ಅವ್ವ ಎತ್ತಿದ ಬಡಿಗೆಯನ್ನು ಇಳಿಸಿ, ಅಂಗಳದ ಅಂಚಿನಲ್ಲಿ ಕಟೆದಿಟ್ಟಂತೆ ನಿಂತಳು.

ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೊರಬಂದಿದ್ದ ಬಾಜೂ ಮನೆಯಾಕೆ ಬೆರಗಾದಳು. "ಯಾಕ ಆಯಿ, ನಿಂತ್ರಿ? ಒಳಗ ಬರ್ರಿ. ಚಾ ಕುಡೀರಿ."

"ಬರಾಂಗಿಲ್ಲವಾ. ಇದು ನಿಮ್ಮ ಸೀಮಿ. ಚಾ ಕುಡದ್ರ ಬೆನ್ನ ಹತ್ತಿದ್ದೂ ಮುರದಂಗ."

ಆಕೆ ಗಾಬರಿಯಾಗಿ ವೈನಿಯತ್ತ ತಿರುಗಿ, "ಆಯಿಗೆ ಆರಾಮ ಇಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಆರಾಮ ಅದೇನಿ," ಅಂದಳು ಅವ್ವ. "ನಿಮ್ಮ ಎಮ್ಮಿ ನಿಮ್ಮ ಅಂಗಳ ಮುಟ್ಟೇತಿ. ಇನ್ನ ನಾ ಹೊಡಿಯೂಹಂಗಿಲ್ಲ. ಕಾಯ್ದೆ."

"ನಮ್ಮ ಎಮ್ಮಿ ಅಲ್ಲಿ ಕಟ್ಟೈತೆಲ್ರಿ."

ಎಲ್ಲರೂ ಕೊಟ್ಟಿಗೆಯತ್ತ ನೋಡಿದರು. ಹಳೆಯ ಅಪರಾಧಿ ಗೂಟದಲ್ಲಿ ನಿಂತು ಸಾಧ್ವಿಯ ಹಾಗೆ ಮೆಲುಕು ಹಾಕುತ್ತಿತ್ತು. ಅಂಗಳದಲ್ಲಿ ನಿಂತದ್ದು ನಮ್ಮದೇ ಎಮ್ಮೆ! ಬಿಸಿಲಿನ ದಿನ ಅಂತ ಅಣ್ಣ ಹಿಂದಿನ ಸಂಜೆಯಷ್ಟೇ ಅದರ ಮೈ ಬೋಳಿಸಿ, ತಲೆಯಿಂದ ಬಾಲದ ತನಕ ಎಣ್ಣೆ ತಿಕ್ಕಿದ್ದ. ಕಂದು ಕೂದಲ ಎಮ್ಮೆ ರಾತ್ರಿ ಬೆಳಗಾಗುವುದರಲ್ಲಿ ಕರಿ ಕನ್ನಡಿಯಾಗಿತ್ತು.

ಹಿಂದೊಮ್ಮೆ ಬೇಲಿಯಾಚೆಯಿಂದ ಕೇಳಿಸಿಕೊಂಡಿದ್ದ ನಮ್ಮವ್ವನ ಕಾಯ್ದೆಯ ಪಾಠವೆಲ್ಲ ಈಗ ನೆನಪಾಗಿ ಬಾಜೂ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟಳು. ನಮ್ಮ ಎಮ್ಮೆ ಅಷ್ಟರಲ್ಲಿ ಅವರ ಹಿಂಡಿಯ ಬಕೆಟ್ಟಿಗೆ ಬಾಯಿ ಹಾಕಿತ್ತು. "ಹಂಗಾರ ಈಗ ನಿಮ್ಮ ಹಡಗ ನಮ್ಮ ನೀರಾಗ ಐತಿ," ಅಂದಳು. "ನಾ ಹೆಂಟಿ ಹುಡುಕ್ಲೇನ್ರಿ ಆಯಿ?"

ಆಗ ಮೊಮ್ಮಗಳು ಮುಂದೆ ಬಂದು, ಬರಿಗೈ ತೋರಿಸಿ, ಅಂಗಳದ ಅಂಚಿನಲ್ಲಿ ನಿಂತಳು. "ಕಾಕೂ, ತಪ್ಪ ನಮ್ಮದೈತಿ. ಒಳಗ ಬರಲೇನ್ರಿ?"

"ಬಾರವಾ," ಅಂದಳು ಆಕೆ, ನಗು ತಡೆಯಲಾಗದೆ. ಹುಡುಗಿ ಎಮ್ಮೆಯ ಕಿವಿ ಹಿಡಿದು ಏನೋ ಅಂದಳು. ಅದು ಕುರಿಮರಿಯಂತೆ ಅವಳ ಹಿಂದೆ ಹೊರಟಿತು.

ಅವ್ವ ಬಡಿಗೆಯನ್ನು ಬೇಲಿಗೆ ಒಗೆದು, "ಹೂಂ," ಅಂದಳು. "ಹೋಗಿ ಬಾರವಾ, ಹಡಗಿಗೆ."

ವೈನಿಗೆ ನಂಬಿಕೆಯಾಗಲಿಲ್ಲ. "ಅತ್ತೀರ, ಕಾಯ್ದೆ ನಡೀಲೇ ಇಲ್ಲಲ್ರಿ?"

"ಯಾಕ ನಡೀಲಿಲ್ಲ? ಯಾರದಂತ ನೋಡೂದ ನಾ ಮರತೆ, ಕಾಯ್ದೆ ಮರೀಲಿಲ್ಲ. ಮೊದಲಿನಂಗ ಬಡಿಗಿ ಬೀಸಿದ್ರ ನಮ್ಮ ಎಮ್ಮಿ ಕಾಲ ನಾನ ಮುರೀತಿದ್ದೆ. ಹೆಂಟಿ ಮುಂದ ಒಗದದ್ದಕ್ಕ ಉಳೀತು. ತಪ್ಪ ಮಾಡವ್ರನ್ನೂ ಕಾಯೂ ಕಾಯ್ದೆ ಅಂದ್ರ ಅದಕ್ಕ ನಂದೂ ಹೂಂ ಐತಿ."

ಹುಡುಗಿ ಹೊರಟ ದಿನ ರಾಣೆಬೆನ್ನೂರು ಸ್ಟೇಶನ್ನಿಗೆ ನಾನೂ ಹೋಗಿದ್ದೆ. ರೈಲು ಅಲ್ಲಾಡಿತು. ಅವ್ವ ಕಿಟಕಿಯ ಸರಳು ಹಿಡಿದು ಕಣ್ಣೊರೆಸಿಕೊಳ್ಳುತ್ತ, "ಬಂದೂಕ ಎತ್ತೂಕಿಂತ ಮೊದಲ ಎಮ್ಮಿ ಯಾರದಂತ ನೋಡವಾ," ಅಂದಳು.

"ಆಯಿ, ಸಮುದ್ರದಾಗ ಎಮ್ಮಿ ಇರೂದಿಲ್ಲ!"

"ಇರ್ತಾವ. ಎಣ್ಣಿ ಹಚ್ಚಿರ್ತಾರ, ಗುರ್ತ ಸಿಗೂದಿಲ್ಲ ಅಷ್ಟ."

ನಿಮ್ಮ ಕಡೆಯವರು ಯಾರಾದರೂ ಹಡಗಿನಲ್ಲಿದ್ದರೆ ಈ ಮಾತನ್ನು ಅವರಿಗೂ ಮುಟ್ಟಿಸಿಬಿಡ್ರಿ. ಮೇಡ್ಲೇರಿ ಆಯಿ ಹೇಳ್ಯಾಳ ಅನ್ರಿ. ಎಮ್ಮೆ ನಮ್ಮದೇ ಆಗಿತ್ತು ಅನ್ನುವುದನ್ನು ಮಾತ್ರ ಹೇಳಬ್ಯಾಡ್ರಿ. ಬಡಿಗೆ ಇನ್ನೂ ಬೇಲಿಯಲ್ಲೇ ಇದೆ.