ಮೂರನೆಯ ಕೂಗಿಗೆ ಮೊದಲು

ನಮ್ಮ ಪಕ್ಕದ ಮನೆಯ ಸ್ಪೇನಿನ ಸಂಗೀತಗಾರರು ಕನ್ನಡ ಸಂಘದ ದೀಪಾವಳಿಯಲ್ಲಿ ತಮ್ಮ ಕೃತಿಯನ್ನೇ ಅರ್ಧಕ್ಕೆ ಮರೆತು ಎದ್ದುಹೋದರು ಎಂದು ಮೇರಿಲ್ಯಾಂಡಿನಿಂದ ಅಟ್ಲಾಂಟಾದವರೆಗೂ ನಮ್ಮವರು ಹೇಳಿಕೊಂಡು ನಗುತ್ತಾರೆ. ಇದಕ್ಕೆ ಸಾಕ್ಷಿ ಏನು? ಮುನ್ನೂರು ಜನ ಕಣ್ಣಾರೆ ಕಂಡರಂತೆ. ಊಟದ ಹೊತ್ತು ಮೀರಿದ ಮುನ್ನೂರು ಜನರ ಕಣ್ಣು ಎಲ್ಲಿತ್ತು ಎಂದು ಯಾರಾದರೂ ಕೇಳಿದ್ದಾರೆಯೇ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯಗಳನ್ನು ನಾನು ಎರಡು ನಿಮಿಷದಲ್ಲಿ ಕೆಡವಿದ್ದೇನೆ. ಇದೊಂದನ್ನು ಮಾತ್ರ ಮುಟ್ಟಲಿಲ್ಲ.

ಅವರು ವಿಚಿತ್ರ ಮನುಷ್ಯ, ಒಪ್ಪಿದೆ. ಮರೆಗುಳಿಯಲ್ಲ. ವಲೆನ್ಸಿಯಾ ಕಡೆಯ ಹಳ್ಳಿಯವರು; ಬ್ರೆಡ್ಡು ಸುಡುವ ಅಪ್ಪ ಭಾನುವಾರ ಊರ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದರಂತೆ. ಹೆಂಡತಿ ಮೆಟ್ರೋ ಹಿಡಿದು ವಾಷಿಂಗ್ಟನ್ನಿಗೆ ಕೆಲಸಕ್ಕೆ ಹೋದರೆ ಇವರು ಇಸ್ತ್ರಿ ಮೇಜಿನ ಮುಂದೆ ನಿಂತು ಸ್ವರ ಬರೆಯುವರು. ನಿಧಾನದ ಭಾಗಕ್ಕೆ ಮೇಜನ್ನು ತಗ್ಗಿಸುವರು, ವೇಗದ್ದಕ್ಕೆ ಏರಿಸುವರು. ಆ ಸಾಧ್ವಿ ತನ್ನ ಬಟ್ಟೆಗೆ ಊಟದ ಮೇಜಿನ ಮೇಲೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಬಾಗಿಲು ತಟ್ಟಿ, "ನಿಮ್ಮ ಫ್ರಿಜ್ ಗೋಡೆಯಾಚೆಯಿಂದ ಅಪಸ್ವರ ಹಾಡ್ತಿದೆ. ಅರ್ಧ ಗಂಟೆ ಆಫ್ ಮಾಡ್ತೀರಾ?" ಎಂದರು. (ಅವರ ಇಂಗ್ಲಿಷಿಗಿಂತ ನನ್ನ ಅನುವಾದ ವಾಸಿ.) ಅಮ್ಮ ಆಫ್ ಮಾಡಿ ಮರೆತಳು. ಮರುದಿನ ಅವರ ಕೈಗೆ ಡಬ್ಬಿಯೊಂದನ್ನು ಕೊಟ್ಟು, "ನಿಮ್ಮ ಶ್ರುತಿ ಸೇರ್ತು, ನಮ್ಮ ಹಾಲು ಒಡೀತು. ಪನೀರ್ ಮಾಡಿದೀನಿ ಮೇಷ್ಟ್ರೇ, ತಗೊಳ್ಳಿ" ಎಂದಳು. ಅಂದಿನಿಂದ ನಮ್ಮ ಅಡುಗೆಮನೆ ಅವರ ಸಂಗೀತಶಾಲೆಯಾಯಿತು.

ಅಲ್ಲೇ ಅದು ಹುಟ್ಟಿದ್ದು. ಅಮ್ಮ ಕಾರ್ಡ್‌ಲೆಸ್ ಫೋನಿನಲ್ಲಿ ಮಾತಾಡುತ್ತಿದ್ದಳು. ಕುಕ್ಕರ್ ಎರಡು ಸಲ ಕೂಗಿತ್ತು. ಇನ್ನೇನು ಮೂರನೆಯದು ಎನ್ನುವಾಗ ಅಮ್ಮ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಕೂಗಿತು, ಒಲೆ ಆರಿಸಿದಳು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಮೇಷ್ಟ್ರು ಕಾಫಿ ಲೋಟ ಹಿಡಿದು ಕಲ್ಲಾಗಿದ್ದರು.

"ನಿಮ್ಮಮ್ಮ ಈಗ ಏನನ್ನ ಕೇಳಿಸಿಕೊಳ್ತಿದ್ರು?"

"ಏನೂ ಇಲ್ಲ."

"ಅದನ್ನೇ ಬರೀತೀನಿ."

ಬರೆದರು. ಪಿಯಾನೋದಲ್ಲಿ ಎರಡು ಕೂಗು, ನಲವತ್ತು ಎಣಿಸುವಷ್ಟು ಮೌನ, ಆಮೇಲೆ ಮೂರನೆಯ ಕೂಗಿನ ಬದಲು ಅಮ್ಮನಿಗೆಂದೇ ಕಟ್ಟಿದ ಒಂದು ರಾಗ. ಆ ರಾಗವನ್ನು ಅಭ್ಯಾಸದಲ್ಲೂ ಕೇಳಿಸಲಿಲ್ಲ. ಅದು ಕಾದವರಿಗೆ ಮಾತ್ರವಂತೆ. ನಾನು ಬಿಡುತ್ತೇನೆಯೇ?

"ಮೌನವೂ ಸಂಗೀತ ಅಂದ್ರೆ, ಟೆಲಿವಿಷನ್ ಕೆಟ್ಟ ಮನೇಲೆಲ್ಲ ಕಛೇರಿ ನಡೀತಿದೆ ಅನ್ನಿ. ಮುಗೀತು ಅಂದ್ಕೊಂಡು ಜನ ಎದ್ದುಹೋಗ್ತಾರೆ."

"ನಿಮ್ಮಮ್ಮ ಎದ್ದುಹೋಗಲ್ಲ" ಎಂದರು.

ವಾದದಲ್ಲಿ ನನಗೆ ಉತ್ತರ ಹೊಳೆಯದೆ ಹೋದದ್ದು ಅದೊಂದೇ ಸಲ. ಅದು ಒಳಗೇ ಕೊರೆಯುತ್ತಿತ್ತು.

ಕೈ ನಡುಗುತ್ತದೆಂದು ಎಷ್ಟೋ ವರ್ಷಗಳಿಂದ ವೇದಿಕೆ ಹತ್ತದಿದ್ದವರು ಅಮ್ಮನ ಮಾತಿಗೆ ದೀಪಾವಳಿಗೆ ಒಪ್ಪಿಕೊಂಡರು. ನಿರೂಪಣೆ ನನ್ನದು. ಎರಡು ಕೂಗು ನುಡಿಸಿ, ಕೈಗಳನ್ನು ಪಿಯಾನೋದ ಕೀಗಳ ಮೇಲೆ ಎತ್ತಿ ಹಿಡಿದರು. ಮೌನ. ಯಾರೋ ಕೆಮ್ಮಿದರು. ಹಿಂದುಗಡೆ ಬಿಸಿಬೇಳೆಬಾತಿನ ಟ್ರೇಗಳ ಫಾಯಿಲ್ ಬಿಚ್ಚುವ ಸದ್ದು. ಸಂಘದ ಅಂಕಲ್ ಒಬ್ಬರು ನನ್ನತ್ತ ನೋಡಿ ಬೆರಳುಗಳನ್ನು ಬಾಯಿಗೆ ಒಯ್ದು ತೋರಿಸಿದರು. ನಾನು ಇಪ್ಪತ್ತರವರೆಗೆ ಎಣಿಸಿದ್ದೆ. ಇನ್ನೂ ಇಪ್ಪತ್ತು ಉಳಿದಿವೆಯೆಂದು ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ: ಅವರಿಗೆ, ನನಗೆ.

ಮೈಕ್ ತೆಗೆದುಕೊಂಡೆ. "ಎಂಥ ಅದ್ಭುತ ಸಂಗೀತ! ಇನ್ನು ಎಲ್ಲರೂ ಊಟಕ್ಕೆ ಬನ್ನಿ."

ಚಪ್ಪಾಳೆಯೋ ಚಪ್ಪಾಳೆ. ವಾದ ಗೆದ್ದಿದ್ದೆ. ಮೇಷ್ಟ್ರು ಎತ್ತಿದ ಕೈಗಳನ್ನು ಒಂದು ಕ್ಷಣ ಹಾಗೇ ಇಟ್ಟುಕೊಂಡು, ಆಮೇಲೆ ಅವನ್ನೇ ಜೋಡಿಸಿ ಸಭೆಗೆ ನಮಸ್ಕರಿಸಿದರು.

ಊಟದ ಸಾಲಿನಲ್ಲಿ ಅಮ್ಮ ಕೇಳಿದಳು, "ಮೂರನೇದು ಬರ್ಲೇ ಇಲ್ವಲ್ಲೇ? ನಾನು ಕಾಯ್ತಾನೇ ಇದ್ದೆ."

"ಮರೆತಿರಬೇಕಮ್ಮ."

ಮುಂದೆ ನಿಂತಿದ್ದ ಅಂಕಲ್ ತಿರುಗಿ, "ಮರೆತೇಬಿಟ್ರಾ?" ಎಂದು ನಕ್ಕರು. ಅಟ್ಲಾಂಟಾ ತಲುಪಿದ ಕಥೆ ಹೊರಟದ್ದು ಅಲ್ಲಿಂದ, ನನ್ನ ಬಾಯಿಂದ.

ಮರುತಿಂಗಳು ಹೆಂಡತಿಯ ಕೆಲಸದ ಅವಧಿ ಮುಗಿದು ಇಬ್ಬರೂ ಸ್ಪೇನಿಗೆ ಹೊರಟರು. ಅಮ್ಮ ಅಂಗಡಿಗೆ ಹೋಗಿದ್ದಳು. ಪೆಟ್ಟಿಗೆ ಹಿಡಿದು ಲಿಫ್ಟಿನವರೆಗೆ ನಾನೇ ಹೋದೆ. ಹೇಳಬೇಕಾದ್ದನ್ನು ಆರಂಭದಿಂದ ಅಂತ್ಯದವರೆಗೆ ಸಿದ್ಧಮಾಡಿಕೊಂಡಿದ್ದೆ; ಮೊದಲ ವಾಕ್ಯವೇ ಹೊರಡಲಿಲ್ಲ. ಅವರೇ ನನ್ನ ತಲೆಯ ಮೇಲೆ ಕೈಯಿಟ್ಟರು.

"ನಿಮ್ಮಮ್ಮನಿಗೆ ಹೇಳು, ಕೊನೇ ಭಾಗ ನಾನೇ ಮರೆತೆ ಅಂತ. ಕ್ಷಮಿಸಲಿ."

ಲಿಫ್ಟಿನ ಬಾಗಿಲು ಮುಚ್ಚತೊಡಗಿತು. ಕೈ ಅಡ್ಡಹಿಡಿದೆ.

"ಮೇಷ್ಟ್ರೇ, ನೀವು ಮರೆತಿರ್ಲಿಲ್ಲ. ನಂಗದು ಗೊತ್ತಿತ್ತು ಅಂತ ನಿಮಗೂ ಗೊತ್ತಿತ್ತು, ಅಲ್ವಾ?"