ಅತ್ತೆಯವರು ವಿಂಗಡಿಸಿದ ಗ್ರೀಕ್ ಚೀಟಿಗಳು

ಇಂದ:
ಹಿರಿಯ ವಿಂಗಡಣೆಗಾರ (ತಪ್ಪಾಗಿ), ಹಸ್ತಪ್ರತಿ ವಿಭಾಗ, ಎರಡನೇ ಮಹಡಿ

ಗೆ:
ಮಾನ್ಯ ನಿರ್ದೇಶಕರು, ಇದೇ ಕಟ್ಟಡ, ಒಂದನೇ ಮಹಡಿ

ವಿಷಯ: ಬಡ್ತಿಯನ್ನು ಹಿಂಪಡೆದು ಅರ್ಜಿದಾರನ ಅತ್ತೆಯವರಿಗೆ ನೀಡುವ ಕುರಿತು.

ಉಲ್ಲೇಖ: ೧. ತಜ್ಞರ ಸಮಿತಿಯ ಅಭಿನಂದನಾ ಪತ್ರ. ೨. ಅತ್ತೆಯವರು ಬಾಯಿಮಾತಿನಲ್ಲಿ ತಿಳಿಸಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರ್ಜಿದಾರನು ತಲೆತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಈವರೆಗೆ ಯಾರಿಗೂ ಓದಲಾಗದ, ಆದರೆ ಪ್ರಾಚೀನ ಗ್ರೀಕೇ ಇರಬೇಕೆಂದು ಎಲ್ಲರೂ ಒಪ್ಪಿರುವ ಹಸ್ತಪ್ರತಿಯನ್ನು ಜೆರಾಕ್ಸ್ ಮಾಡಿ, ಪದಕ್ಕೊಂದು ಚೀಟಿಯಂತೆ ಕತ್ತರಿಸಿ, ಕೃದಂತ ಮತ್ತು ನಾಮಪದ ಎಂಬ ಎರಡು ಡಬ್ಬಿಗಳಿಗೆ ಹಾಕುವುದು ಅರ್ಜಿದಾರನ ಹನ್ನೊಂದು ವರ್ಷಗಳ ಕೆಲಸ. ಗ್ರೀಕಿನಲ್ಲಿ 'ಆಳುತ್ತಿರುವವನು' ಎಂಬ ಕೃದಂತವೂ 'ಅಧಿಪತಿ' ಎಂಬ ನಾಮಪದವೂ ಒಂದೇ ವೇಷದಲ್ಲಿ ಬರುವುದುಂಟು. ಕಾರಣ, ಸೋಮವಾರ ಒಂದು ಡಬ್ಬಿಗೆ ಹಾಕಿದ ಚೀಟಿಯನ್ನು ಅರ್ಜಿದಾರನು ಮಂಗಳವಾರ ತೆಗೆದು ಇನ್ನೊಂದಕ್ಕೆ ಹಾಕುತ್ತಾ ಬಂದಿರುತ್ತಾನೆ.

೨. ಜ್ವರದ ನಿಮಿತ್ತ ಡಬ್ಬಿಗಳನ್ನು ಮನೆಗೆ ಒಯ್ದದ್ದು ತಪ್ಪು. ಮುಚ್ಚಳ ತೆರೆದಿಟ್ಟಿದ್ದು ಇನ್ನೊಂದು ತಪ್ಪು. ಫ್ಯಾನ್ ಹಾಕಿದ್ದು ಹೆಂಡತಿ. ಒಂಬೈನೂರ ಹನ್ನೆರಡು ಚೀಟಿಗಳು ಮನೆತುಂಬ ಹಾರಿದವು.

೩. ಅತ್ತೆಯವರು ಅಂಚೆ ಕಚೇರಿಯಲ್ಲಿ ಮೂವತ್ತಮೂರು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಆಮೇಲೂ ಕೈ ಸುಮ್ಮನಿರದೆ, ಮಗಳ ಮನೆಯ ಚಮಚ, ಕಾಲುಚೀಲ, ನೆಂಟರು ಎಲ್ಲವನ್ನೂ ವಿಂಗಡಿಸಿ ಮುಗಿಸಿ, ಇನ್ನೇನೂ ಉಳಿಯದೆ ಮಂಕಾಗಿ ಕೂತಿದ್ದರು. ಅರ್ಜಿದಾರನು ಮಲಗಿ ಏಳುವಷ್ಟರಲ್ಲಿ ಬಹುಪಾಲು ಚೀಟಿಗಳು ಡಬ್ಬಿ ಸೇರಿದ್ದವು. ಗ್ರೀಕ್ ಅವರಿಗೆ ಒಂದಕ್ಷರ ಬಾರದು. ಹೇಗೆ ಸಾಧ್ಯವಾಯಿತೆಂದು ವಿಚಾರಿಸಲಾಗಿ, ಅವರು ಹೇಳಿದ್ದು:

"ಹೆಸರು ಬರೆಯೋವಾಗ ಯಾರ ಕೈಯಾದ್ರೂ ಒಂದು ಗಳಿಗೆ ನಿಲ್ಲುತ್ತೆ, ಅಳಿಯಂದ್ರೇ. ಶಾಯಿ ಅಲ್ಲಿ ದಪ್ಪ ಆಗುತ್ತೆ. ಮಿಕ್ಕಿದ್ದೆಲ್ಲ ಓಡ್ತಾ ಇರುತ್ತೆ."

೪. ಅರ್ಜಿದಾರನು ಅತ್ತೆಯವರ ಹೆಸರೆತ್ತದೆ ಆ ವಿಂಗಡಣೆಯನ್ನೇ ಸಮಿತಿಗೆ ಸಲ್ಲಿಸಿದನು.

೫. ಆ ವಿಂಗಡಣೆಯಂತೆ ಓದಲಾಗಿ ಸಮಿತಿಗೆ ಮೊದಲ ಬಾರಿಗೆ ಒಂದು ಇಡೀ ವಾಕ್ಯ ದಕ್ಕಿತು: 'ಅಧಿಪತಿಯು ಮೇಕೆಗಳನ್ನು ಹುಡುಕುತ್ತಾ ಚಪ್ಪಲಿ ಕಳೆದುಕೊಂಡನು.' ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಡ್ತಿಯೂ ಆಯಿತು. ಬರುವ ಗುರುವಾರ ಹೊಸ ಪುಟವೊಂದನ್ನು ಸಮಿತಿಯ ಎದುರೇ ವಿಂಗಡಿಸಿ ತೋರಿಸಬೇಕೆಂಬ ಆದೇಶವೂ ಬಂತು.

೬. ಗಾಬರಿಯಾದ ಅರ್ಜಿದಾರನು ಅತ್ತೆಯವರ ಬಳಿ ಕಲಿಯಲು ಕೂತನು. ಅವರು ವಿಳಾಸ ಮಾಸಿದ ಇಪ್ಪತ್ತು ಹಳೆಯ ಲಕೋಟೆಗಳನ್ನು ಮುಂದಿಟ್ಟು, ಹೆಸರು ಎಲ್ಲಿದೆ ತೋರಿಸಿ ಎಂದರು. ಹದಿನೇಳು ತಪ್ಪಾದವು. "ನೀವು ಅಕ್ಷರ ಓದೋಕೆ ಹೋಗ್ತೀರಿ. ಅದೇ ನಿಮ್ಮ ತೊಂದರೆ," ಎಂದರು. ಅಂದು ಅರ್ಜಿದಾರನಿಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷವೆಂದರೆ ಸುಮ್ಮನೆ ಅಲ್ಲ. ಆದರೆ ಅತ್ತೆಯವರು ಈಗ ದಿನವೂ ಹತ್ತು ಗಂಟೆಗೆ ಸರಿಯಾಗಿ ತಲೆ ಬಾಚಿ, ಕೈಗಡಿಯಾರ ಕಟ್ಟಿ, ಕನ್ನಡಕ ಒರೆಸಿಕೊಂಡು ಮೇಜಿನ ಮುಂದೆ ಕೂರುತ್ತಾರೆಂಬುದನ್ನೂ ದಾಖಲಿಸಬೇಕಾಗಿದೆ. ಅದನ್ನು ಕಂಡ ಮೇಲೆ ಹೊಟ್ಟೆಕಿಚ್ಚು ಪಡಲು ಅರ್ಜಿದಾರನಿಗೆ ಮನಸ್ಸಾಗಲಿಲ್ಲ.

ಆದ್ದರಿಂದ, ಗುರುವಾರ ಅವರನ್ನೇ ಕರೆಯಿಸಿ, ಸದರಿ ಹುದ್ದೆಗೆ ನೇಮಿಸಿ, ಅರ್ಜಿದಾರನನ್ನು ಅವರ ಕೈಕೆಳಗೆ ಹಾಕಬೇಕೆಂದು ವಿನಂತಿ. ಬರಲು ಒಪ್ಪಿದ್ದಾರೆ, ಒಂದೇ ಷರತ್ತು: "ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ನಾನು ಯಾವತ್ತೂ ಕೆಲಸ ಮುಟ್ಟಿದವಳಲ್ಲ."

ತಮ್ಮ ವಿಶ್ವಾಸಿ,
(ಅಳಿಯ)

ಅಡಕ:
೧. ಡಬ್ಬಿಗಳು, ಎರಡು.
೨. ಅತ್ತೆಯವರ ಸೇವಾ ಪ್ರಮಾಣಪತ್ರ.
೩. ಯಾವ ಡಬ್ಬಿಗೂ ಸೇರದ ಚೀಟಿಗಳು, ಹದಿನಾಲ್ಕು. ಇವುಗಳ ಮೇಲೆ ಅತ್ತೆಯವರು 'ಕಳುಹಿಸಿದವರಿಗೆ ವಾಪಸು' ಎಂದು ಬರೆದಿರುತ್ತಾರೆ. ಕಳುಹಿಸಿದವರು ತೀರಿಕೊಂಡು ಎರಡು ಸಾವಿರ ವರ್ಷವಾಯಿತೆಂದು ತಿಳಿಸಲಾಗಿ, ಹಾಗಾದರೆ ವಾರಸುದಾರರನ್ನು ಹುಡುಕಿ ಎಂದಿರುತ್ತಾರೆ. ಈ ಬಗ್ಗೆ ಸೂಕ್ತ ಆದೇಶ ನೀಡಬೇಕಾಗಿ ಕೋರಿಕೆ.